ಪುಣೆ, ಮುಂಬಯಿಯಲ್ಲಿ ಐಟಿ ಕೆಲಸ ಹುಡುಕುವ ಕನ್ನಡಿಗರಿಗೆ: ಯಾವ ಹುದ್ದೆಗೆ ಯಾವ ಕಲಿಕೆ

ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಲ್ಲಿ ಇಂಜಿನಿಯರಿಂಗ್, ಬಿಸಿಎ ಅಥವಾ ಬಿಕಾಂ ಮುಗಿಸಿದವರು ಬೆಂಗಳೂರಿಗಿಂತ ಹತ್ತಿರವೆಂದು ಪುಣೆಯ ಬಸ್ಸು ಹತ್ತುವುದು ಹೊಸ ಸಂಗತಿಯಲ್ಲ. ಇತ್ತ ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಕನ್ನಡ, ತುಳು ಮನೆಗಳ ಮಕ್ಕಳು ಡೊಂಬಿವಲಿ, ಠಾಣೆ, ಮೀರಾ ರೋಡ್‌ಗಳಿಂದ ಐರೋಲಿ, ಪವಾಯಿ, ಅಂಧೇರಿಯ ಕಚೇರಿಗಳತ್ತ ನೋಡುತ್ತಿರುತ್ತಾರೆ. ಇಬ್ಬರೂ ಕೇಳುವ ಮೊದಲ ಪ್ರಶ್ನೆ, ಈಗ ಯಾವ ಕೋರ್ಸ್ ಮಾಡಿದರೆ ಕೆಲಸ ಸಿಗುತ್ತದೆ ಎಂಬುದು. ಅದರ ಬದಲು, ನಾನು ಇರುವ ಊರಿನ ಕಂಪನಿಗಳು ಯಾವ ಉದ್ಯಮದ ಕೆಲಸ ಮಾಡಿಕೊಟ್ಟು ನಡೆಯುತ್ತಿವೆ ಎಂದು ಕೇಳಿಕೊಂಡರೆ ದಾರಿ ಬೇಗ ಸ್ಪಷ್ಟವಾಗುತ್ತದೆ. ಏಕೆಂದರೆ ಕೋರ್ಸಿನ ಹೆಸರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪುಣೆಯ ವಾಹನ ಕಾರ್ಖಾನೆಗಳಾಗಲಿ, ಮುಂಬಯಿಯ ಬ್ಯಾಂಕು ಮತ್ತು ಷೇರು ಮಾರುಕಟ್ಟೆಗಳಾಗಲಿ ಹಾಗೆ ಬದಲಾಗುವುದಿಲ್ಲ. ಗಟ್ಟಿಯಾದ ತಳಪಾಯ ಮತ್ತು ಒಂದು ಉದ್ಯಮದ ಒಳಗಿನ ಅರಿವು, ಇವೆರಡೂ ಒಬ್ಬರಲ್ಲಿ ಸೇರಿದಾಗ ಬೇಡಿಕೆ ಹುಟ್ಟುತ್ತದೆ ಎಂಬ ನಂಬಿಕೆಯ ಮೇಲೆ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲು ತಳಪಾಯ

ಯಾವ ಹುದ್ದೆಗೆ ಹೋಗುವವರಾದರೂ ಒಂದು ಪ್ರೋಗ್ರಾಮಿಂಗ್ ಭಾಷೆ, ದತ್ತಾಂಶ ಕೋಶದಿಂದ ಮಾಹಿತಿ ತೆಗೆಯುವ ಎಸ್‌ಕ್ಯೂಎಲ್, ಸರ್ವರುಗಳನ್ನು ನಡೆಸುವ ಲಿನಕ್ಸ್, ನೆಟ್‌ವರ್ಕಿಂಗ್‌ನ ಮೂಲ ಸಂಗತಿಗಳು ಮತ್ತು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಇಷ್ಟನ್ನು ಕೈಗೆ ಹತ್ತಿಸಿಕೊಳ್ಳಬೇಕು. ಭಾಷೆಯ ಆಯ್ಕೆಯ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಬ್ಯಾಂಕು, ವಿಮೆಯಂಥ ದೊಡ್ಡ ಯೋಜನೆಗಳಲ್ಲಿ ಜಾವಾ ಮತ್ತು ಸ್ಪ್ರಿಂಗ್ ಬೂಟ್, ಡೇಟಾ ಹಾಗೂ ಆಟೊಮೇಶನ್ ಕೆಲಸಗಳಲ್ಲಿ ಪೈಥಾನ್, ವಾಹನದೊಳಗಿನ ಸಾಫ್ಟ್‌ವೇರ್‌ನಲ್ಲಿ ಸಿ, ಬ್ರೌಸರ್‌ನಲ್ಲಿ ಕಾಣುವ ಭಾಗಕ್ಕೆ ಜಾವಾಸ್ಕ್ರಿಪ್ಟ್ ಎಂದು ಸ್ಥೂಲವಾಗಿ ತಿಳಿದುಕೊಂಡು ಒಂದನ್ನು ಹಿಡಿದರೆ ಸಾಕು. ನಾಲ್ಕನ್ನೂ ಅರ್ಧರ್ಧ ಕಲಿತವರು ಸಂದರ್ಶನದ ಎರಡನೆಯ ಪ್ರಶ್ನೆಗೇ ನಿಂತುಬಿಡುತ್ತಾರೆ.

ಎಸ್‌ಕ್ಯೂಎಲ್ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದನ್ನು ಕಡೆಗಣಿಸುವವರೇ ಹೆಚ್ಚು. ಪ್ರತಿ ವಿಭಾಗದಲ್ಲಿ ಎರಡನೆಯ ಅತಿ ಹೆಚ್ಚು ಸಂಬಳ ಪಡೆಯುವವರು ಯಾರು ಎಂಬ ಪ್ರಶ್ನೆ ಹಳೆಯದು. ಆದರೂ ಅದನ್ನು ಇಂದಿಗೂ ಕೇಳುತ್ತಾರೆ. ಉತ್ತರವನ್ನು ಬಾಯಿಪಾಠ ಮಾಡಿದವರು ಒಂದು ಸಬ್‌ಕ್ವೆರಿ (ಪ್ರಶ್ನೆಯೊಳಗಿನ ಪ್ರಶ್ನೆ) ಬರೆದು ಸುಮ್ಮನಾಗುತ್ತಾರೆ. ಸಂದರ್ಶಕರು ನಿಜವಾಗಿ ಕಾಯುತ್ತಿರುವುದು ಅದರ ಮುಂದಿನ ಮಾತಿಗೆ: ಅತಿ ಹೆಚ್ಚು ಸಂಬಳ ಇಬ್ಬರಿಗೆ ಸಮನಾಗಿದ್ದರೆ ಎರಡನೆಯವರು ಯಾರು? ರ್‍ಯಾಂಕ್ ಬಳಸಿದರೆ ಸಮನಾದ ಇಬ್ಬರ ನಂತರ ನೇರವಾಗಿ ಮೂರನೆಯ ಸ್ಥಾನ ಬರುತ್ತದೆ, ಡೆನ್ಸ್ ರ್‍ಯಾಂಕ್ ಬಳಸಿದರೆ ಎರಡನೆಯ ಸ್ಥಾನ ಉಳಿಯುತ್ತದೆ ಎಂದು ಹೇಳಿ, ನಿಮಗೆ ಯಾವುದು ಬೇಕು ಎಂದು ಅವರನ್ನೇ ಮರಳಿ ಕೇಳುವ ಅಭ್ಯರ್ಥಿ ಆ ಕ್ಷಣವೇ ಉಳಿದವರಿಂದ ಬೇರೆಯಾಗಿ ಕಾಣುತ್ತಾನೆ.

ಲಿನಕ್ಸ್ ಕೂಡ ಹಾಗೆಯೇ. ಆಜ್ಞೆಗಳ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಹಾಕಿಕೊಂಡು ಬೇಕೆಂದೇ ತೊಂದರೆ ಮಾಡಿಕೊಂಡು ಬಿಡಿಸುವುದು ಒಳ್ಳೆಯದು. ಉದಾಹರಣೆಗೆ, ಡಿಎಫ್ ಆಜ್ಞೆ ಡಿಸ್ಕ್ ತುಂಬಿದೆ ಎನ್ನುತ್ತದೆ. ಡಿಯು ಆಜ್ಞೆಯಿಂದ ಕಡತಗಳನ್ನು ಕೂಡಿಸಿ ನೋಡಿದರೆ ಅರ್ಧವೂ ತುಂಬಿಲ್ಲ. ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿದ್ದಾರೆ, ಆದರೆ ಅದನ್ನು ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ಅದನ್ನು ತೆರೆದಿಟ್ಟುಕೊಂಡಿರುವುದರಿಂದ ಜಾಗ ಬಿಡುಗಡೆಯಾಗಿಲ್ಲ. ಎಲ್‌ಎಸ್‌ಒಎಫ್ ಆಜ್ಞೆಯಿಂದ ಆ ಪ್ರೋಗ್ರಾಮನ್ನು ಗುರುತಿಸಿ ಮರುಪ್ರಾರಂಭಿಸಿದರೆ ಜಾಗ ಮರಳುತ್ತದೆ. ಇದನ್ನು ಒಮ್ಮೆ ತಮ್ಮ ಕೈಯಾರೆ ಮಾಡಿ ನೋಡಿದವರಿಗೆ ಸಪೋರ್ಟ್, ಡೆವ್‌ಆಪ್ಸ್ (ಬರೆದ ಕೋಡನ್ನು ಸರ್ವರಿಗೆ ತಲುಪಿಸಿ ನಡೆಸುವ ಕೆಲಸ), ಕ್ಲೌಡ್ (ಬಾಡಿಗೆ ಸರ್ವರುಗಳ ವ್ಯವಸ್ಥೆ) ಮೂರೂ ಸಂದರ್ಶನಗಳಲ್ಲಿ ಹೇಳಲು ಗಟ್ಟಿ ವಿಷಯವಿರುತ್ತದೆ.

ಪುಣೆಯಲ್ಲಿ ವಾಹನವೇ ದೊಡ್ಡ ಗ್ರಾಹಕ

ಪುಣೆಯ ಐಟಿ ಎಂದರೆ ಹಿಂಜವಡಿಯ ಗಾಜಿನ ಕಟ್ಟಡಗಳಷ್ಟೇ ಕಣ್ಣಿಗೆ ಬರುತ್ತವೆ. ಆದರೆ ಈ ಊರಿನ ವಿಶೇಷ ಬೇಡಿಕೆಯನ್ನು ಅರಿಯಲು ಪಿಂಪ್ರಿ ಚಿಂಚವಡ ಮತ್ತು ಚಾಕಣ್ ಕಡೆ ನೋಡಬೇಕು. ವಾಹನಗಳ ಪರೀಕ್ಷೆ, ಪ್ರಮಾಣೀಕರಣ ನಡೆಸುವ ಎಆರ್‌ಎಐ ಸಂಸ್ಥೆ 1966ರಿಂದ ಇಲ್ಲಿದೆ. ಅದರ ಸುತ್ತ ಬೆಳೆದ ಉದ್ಯಮಕ್ಕೆ ಈಗ ಯಂತ್ರದಷ್ಟೇ ಸಾಫ್ಟ್‌ವೇರ್ ಕೂಡ ಬೇಕು. ಇಂದಿನ ಒಂದು ಕಾರಿನಲ್ಲಿ ಬ್ರೇಕು, ಇಂಜಿನ್, ಏರ್‌ಬ್ಯಾಗ್, ಬಾಗಿಲಿನ ಬೀಗ ಹೀಗೆ ಒಂದೊಂದಕ್ಕೂ ಪುಟ್ಟ ಗಣಕವಿರುತ್ತದೆ. ಇವನ್ನು ಇಸಿಯು ಎನ್ನುತ್ತಾರೆ. ಇವುಗಳ ನಡುವಿನ ಸಂಭಾಷಣೆ ಹೆಚ್ಚಾಗಿ ನಡೆಯುವುದು 1986ರಲ್ಲಿ ಬಾಷ್ ಕಂಪನಿ ಪ್ರಕಟಿಸಿದ ಕ್ಯಾನ್ ಬಸ್ ಎಂಬ ವ್ಯವಸ್ಥೆಯ ಮೇಲೆ.

ಇಲೆಕ್ಟ್ರಾನಿಕ್ಸ್, ಇಲೆಕ್ಟ್ರಿಕಲ್, ಮೆಕಾನಿಕಲ್ ಓದಿ ತಮ್ಮ ಶಾಖೆಗೆ ಕೆಲಸವಿಲ್ಲವೆಂದು ವೆಬ್ ಡೆವಲಪ್‌ಮೆಂಟ್ ಕ್ಲಾಸಿಗೆ ಸೇರುವವರನ್ನು ಕಂಡಾಗ ನನಗೆ ಬೇಸರವೆನಿಸುತ್ತದೆ, ಏಕೆಂದರೆ ಈ ಕ್ಷೇತ್ರದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗಿಂತ ಅವರಿಗೇ ಹೆಚ್ಚು ಅನುಕೂಲವಿದೆ. ಇಲ್ಲಿ ಬೇಕಾದದ್ದು ಪಾಯಿಂಟರ್, ಬಿಟ್ ಮಟ್ಟದ ಲೆಕ್ಕ, ಇಂಟರಪ್ಟ್‌ಗಳನ್ನು ಅಂಜದೆ ಬಳಸುವಷ್ಟು ಸಿ ಭಾಷೆ. ಸುರಕ್ಷಿತ ಸಿ ಬರವಣಿಗೆಗೆ ಮಿಸ್ರಾ ನಿಯಮಗಳು. 2003ರಲ್ಲಿ ಆರಂಭವಾದ ಆಟೊಸಾರ್ ಎಂಬ ವಾಹನ ಸಾಫ್ಟ್‌ವೇರ್ ವಿನ್ಯಾಸದ ಪರಿಚಯ. ವಾಹನದ ಕಾರ್ಯಸುರಕ್ಷತೆಗೆ ಸಂಬಂಧಿಸಿದ ಐಎಸ್‌ಒ 26262 ಮಾನದಂಡದ ಮುಖ್ಯ ಕಲ್ಪನೆಗಳು. ಜೊತೆಗೆ ವ್ಯವಸ್ಥೆಯ ಮಾದರಿಯನ್ನು ಗಣಕದಲ್ಲಿ ಕಟ್ಟಿ ನೋಡುವ ಮ್ಯಾಟ್‌ಲ್ಯಾಬ್ ಸಿಮ್ಯುಲಿಂಕ್. ದುಬಾರಿ ಕೋರ್ಸ್ ಹುಡುಕುವ ಮೊದಲು ಅಗ್ಗದ ಎರಡು ಮೈಕ್ರೊಕಂಟ್ರೋಲರ್ ಬೋರ್ಡು, ಎರಡು ಕ್ಯಾನ್ ಮಾಡ್ಯೂಲ್ ಕೊಂಡು ಒಂದರಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ ನೋಡಬೇಕು. ಎರಡೂ ಬೋರ್ಡುಗಳು ಒಂದೇ ಕ್ಷಣದಲ್ಲಿ ಮಾತನಾಡಲು ಹೊರಟರೆ ಕಡಿಮೆ ಸಂಖ್ಯೆಯ ಗುರುತು ಇರುವ ಸಂದೇಶ ಗೆಲ್ಲುತ್ತದೆ, ಇನ್ನೊಂದು ತಾನಾಗಿ ಹಿಂದೆ ಸರಿದು ಕಾಯುತ್ತದೆ. ಬ್ರೇಕಿನಂಥ ತುರ್ತಿನ ಸಂದೇಶಗಳಿಗೆ ಚಿಕ್ಕ ಸಂಖ್ಯೆ ಕೊಡುವುದು ಇದಕ್ಕಾಗಿಯೇ. ಇಷ್ಟನ್ನು ಮಾಡಿ ತೋರಿಸಬಲ್ಲವರ ಬಯೋಡೇಟಾವನ್ನು ವಾಹನ ಸಾಫ್ಟ್‌ವೇರ್ ಕಂಪನಿಗಳು ಬದಿಗಿಡುವುದಿಲ್ಲ. ನೇರವಾಗಿ ಡೆವಲಪರ್ ಹುದ್ದೆ ಸಿಗದಿದ್ದರೆ ಇಸಿಯುಗಳನ್ನು ಕೃತಕ ವಾಹನದ ಎದುರು ಓಡಿಸಿ ಪರೀಕ್ಷಿಸುವ ಎಚ್‌ಐಎಲ್ ಟೆಸ್ಟಿಂಗ್ ಒಳ್ಳೆಯ ಬಾಗಿಲು.

ಕಾರ್ಖಾನೆಗಳೊಂದಿಗೆ ಬಂದ ಇನ್ನೊಂದು ಕೆಲಸ ಎಸ್‌ಎಪಿ. ಕಚ್ಚಾವಸ್ತು ಖರೀದಿಯಿಂದ ಬಿಲ್ಲಿನವರೆಗೆ ಕಂಪನಿಯ ಎಲ್ಲ ವ್ಯವಹಾರವನ್ನು ಒಂದೇ ಕಡೆ ಹಿಡಿದಿಡುವ ಈ ತಂತ್ರಾಂಶದ ಹಳೆಯ ಆವೃತ್ತಿಯಾದ ಇಸಿಸಿಗೆ ಕಂಪನಿಯ ಮುಖ್ಯ ಬೆಂಬಲ 2027ರ ಕೊನೆಗೆ ಮುಗಿಯುವುದರಿಂದ, ಎಸ್4 ಹಾನಾಕ್ಕೆ ಬದಲಾಗುವ ಕೆಲಸ ಅನೇಕ ಕಡೆ ನಡೆಯುತ್ತಿದೆ. ಬಿಕಾಂ, ಎಂಕಾಂ ಓದಿ ಜಿಎಸ್‌ಟಿ, ಲೆಡ್ಜರ್, ಸವಕಳಿಗಳ ಲೆಕ್ಕ ಬಲ್ಲವರು ಇದರ ಹಣಕಾಸು ಲೆಕ್ಕದ ಎಫ್‌ಐಸಿಒ ಭಾಗಕ್ಕೂ, ಕಾರ್ಖಾನೆಯ ಸ್ಟೋರ್ಸ್ ಅಥವಾ ಖರೀದಿ ವಿಭಾಗದಲ್ಲಿ ದುಡಿದವರು ಸಾಮಗ್ರಿ ನಿರ್ವಹಣೆಯ ಎಂಎಂ ಭಾಗಕ್ಕೂ ಹೊಂದುತ್ತಾರೆ. ಕೋಡ್ ಬರೆಯುವ ಆಸಕ್ತಿ ಇರುವವರಿಗೆ ಎಸ್‌ಎಪಿಯದೇ ಭಾಷೆಯಾದ ಅಬಾಪ್ ಇದೆ. ಆದರೆ ಒಂದು ಎಚ್ಚರಿಕೆ: ಎಸ್‌ಎಪಿ ತರಬೇತಿ ಬಹಳ ದುಬಾರಿ, ಮತ್ತು ಉದ್ಯಮದ ಅನುಭವವಿಲ್ಲದ ಹೊಸಬರು ಪ್ರಮಾಣಪತ್ರವೊಂದರಿಂದಲೇ ಕನ್ಸಲ್ಟೆಂಟ್ ಆಗುವುದು ಕಷ್ಟ. ಯಾವುದಾದರೂ ಕಾರ್ಖಾನೆಯಲ್ಲಿ ಎಸ್‌ಎಪಿ ಬಳಸುವ ಸಾಮಾನ್ಯ ಅಕೌಂಟ್ಸ್ ಕೆಲಸ ಹಿಡಿದು, ಒಂದೆರಡು ವರ್ಷದ ನಂತರ ಆ ಕಡೆ ತಿರುಗುವುದು ಜಾಣತನ.

ಮುಂಬಯಿಯಲ್ಲಿ ಹಣ ನಿಲ್ಲುವಂತಿಲ್ಲ

ರಿಸರ್ವ್ ಬ್ಯಾಂಕ್, 1875ರಿಂದ ನಡೆದಿರುವ ಬಿಎಸ್‌ಇ, ಎನ್‌ಎಸ್‌ಇ, 2016ರಲ್ಲಿ ಯುಪಿಐ ತಂದ ರಾಷ್ಟ್ರೀಯ ಪಾವತಿ ನಿಗಮ ಎನ್‌ಪಿಸಿಐ, ಅನೇಕ ಬ್ಯಾಂಕುಗಳ ಪ್ರಧಾನ ಕಚೇರಿಗಳು ಎಲ್ಲವೂ ಇರುವ ಊರು ಇದು. ಹೀಗಾಗಿ ಇಲ್ಲಿ ಐಟಿ ಎಂದರೆ ಬಹುಪಾಲು ಹಣದ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಕೆಲಸ.

ಉಡುಪಿ ಹೋಟೆಲಿನ ಗಲ್ಲಾದ ಮುಂದೆ ನಿಂತವರಿಗೆಲ್ಲ ಈ ದೃಶ್ಯ ಗೊತ್ತು: ಗ್ರಾಹಕರ ಮೊಬೈಲಿನಲ್ಲಿ ಹಣ ಕಡಿತವಾದ ಸಂದೇಶ ಬಂದಿದೆ, ಗಲ್ಲಾದ ಮೇಲಿನ ಸೌಂಡ್‌ಬಾಕ್ಸ್ ಮಾತ್ರ ಬಾಯಿ ಬಿಟ್ಟಿಲ್ಲ, ಹಿಂದೆ ಸಾಲು ಬೆಳೆಯುತ್ತಿದೆ. ಆ ಒಂದು ಪಾವತಿಯಲ್ಲಿ ಗ್ರಾಹಕರ ಬ್ಯಾಂಕು, ಹೋಟೆಲಿನ ಬ್ಯಾಂಕು, ನಡುವಿನ ಎನ್‌ಪಿಸಿಐ ಜಾಲ, ಎರಡೂ ಕಡೆಯ ಆಪ್‌ಗಳು ಪಾಲ್ಗೊಂಡಿರುತ್ತವೆ. ಯಾವುದೋ ಒಂದು ಕಡೆಯ ಉತ್ತರ ನಿಗದಿತ ಸಮಯದೊಳಗೆ ಬರಲಿಲ್ಲ ಅಷ್ಟೆ. ವ್ಯವಹಾರಕ್ಕೆ ಸಿಕ್ಕ 12 ಅಂಕಿಗಳ ಉಲ್ಲೇಖ ಸಂಖ್ಯೆಯನ್ನು ಹಿಡಿದು ಲಾಗ್‌ಗಳಲ್ಲಿ ಹುಡುಕಿ, ಹಣ ಯಾವ ಹಂತದಲ್ಲಿ ನಿಂತಿದೆ, ಮರಳಿಸಬೇಕೇ ಮುಂದಕ್ಕೆ ಕಳಿಸಬೇಕೇ ಎಂದು ಹೇಳುವವರು ಪ್ರೊಡಕ್ಷನ್ ಸಪೋರ್ಟ್ ಇಂಜಿನಿಯರುಗಳು. ಅದೇ ಕೋರಿಕೆ ಎರಡು ಬಾರಿ ಬಂದರೂ ಹಣ ಒಂದೇ ಬಾರಿ ಕಡಿತವಾಗುವಂತೆ ಕೋಡ್ ಬರೆಯುವವರು ಡೆವಲಪರುಗಳು. ದಿನದ ಕೊನೆಗೆ ಎರಡೂ ಬ್ಯಾಂಕುಗಳ ಪಟ್ಟಿಯನ್ನು ತಾಳೆ ನೋಡುವ ರಿಕನ್ಸಿಲಿಯೇಶನ್ ತಂಡ ಬೇರೆ.

ಸಪೋರ್ಟ್ ಎಂದರೆ ಎರಡನೆಯ ದರ್ಜೆಯ ಕೆಲಸವೆಂದು ಮೂಗು ಮುರಿಯುವವರಿದ್ದಾರೆ. ಹೊಸಬರಿಗೆ ಬ್ಯಾಂಕಿಂಗ್ ವ್ಯವಸ್ಥೆಯ ಒಳಮೈ ತೋರಿಸುವ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಎರಡು ವರ್ಷದೊಳಗೆ ಸ್ಕ್ರಿಪ್ಟ್ ಬರೆಯಲು, ಕೋಡ್ ಓದಲು ಕಲಿಯದೆ ಟಿಕೆಟ್ (ದಾಖಲಾದ ದೂರು) ಮುಚ್ಚುತ್ತಲೇ ಉಳಿದರೆ ಅಲ್ಲಿಯೇ ಸಿಕ್ಕಿಕೊಳ್ಳುವ ಅಪಾಯವೂ ನಿಜ. ಕಲಿಯಬೇಕಾದ್ದು ಜಾವಾ, ಒರಾಕಲ್ ಅಥವಾ ಪೋಸ್ಟ್‌ಗ್ರೆಸ್, ಕಾಫ್ಕಾದಂಥ ಸಂದೇಶ ಸಾಲುಗಳ ವ್ಯವಸ್ಥೆ, ಶೆಲ್ ಸ್ಕ್ರಿಪ್ಟ್, ಕಾರ್ಡು ವ್ಯವಹಾರಗಳ ಐಎಸ್‌ಒ 8583 ಮತ್ತು ಹೊಸ ಐಎಸ್‌ಒ 20022 ಸಂದೇಶಗಳ ಪರಿಚಯ. ಷೇರು ಮಾರುಕಟ್ಟೆಯ ಕಡೆ ಹೋಗುವವರಿಗೆ ಗಡಿಯಾರವೇ ಮೊದಲ ಪಾಠ: ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ವ್ಯವಹಾರ ನಡೆಯುವಾಗ ವ್ಯವಸ್ಥೆಯನ್ನು ಯಾರೂ ಮುಟ್ಟುವುದಿಲ್ಲ. 2023ರ ಜನವರಿಯಲ್ಲಿ ಷೇರುಗಳ ವಿಲೇವಾರಿ ಪೂರ್ತಿಯಾಗಿ ಮರುದಿನಕ್ಕೆ ಬಂದ ಮೇಲೆ ರಾತ್ರಿಯ ಲೆಕ್ಕಾಚಾರಗಳಲ್ಲಿ ತಡಕ್ಕೆ ಆಸ್ಪದವೂ ಕಡಿಮೆ.

ಗೋವಾದಲ್ಲಿ ಇಂಥ ದೊಡ್ಡ ಉದ್ಯೋಗ ಮಾರುಕಟ್ಟೆ ಇಲ್ಲ. ಅಲ್ಲಿ ನೆಲೆಸಿದ ಕನ್ನಡಿಗರು ಪುಣೆ ಅಥವಾ ಬೆಂಗಳೂರಿನಲ್ಲಿ ಮೂರು ನಾಲ್ಕು ವರ್ಷ ಅನುಭವ ಪಡೆದು, ಆಮೇಲೆ ಮನೆಯಿಂದ ಮಾಡುವ ಕೆಲಸಕ್ಕೆ ಪ್ರಯತ್ನಿಸುವುದು ಹೆಚ್ಚು ವ್ಯವಹಾರಿಕ.

ಎಲ್ಲ ಊರಿನಲ್ಲೂ ಬೇಕಾದವರು

ಕ್ಲೌಡ್ ಕೆಲಸಕ್ಕೆ ನಮ್ಮ ಈ ಎರಡು ಊರುಗಳೊಂದಿಗೆ ನೇರ ನಂಟಿದೆ: ಅಮೆಜಾನ್‌ನ ಎಡಬ್ಲ್ಯುಎಸ್ ಭಾರತದ ತನ್ನ ಮೊದಲ ಕೇಂದ್ರವನ್ನು 2016ರಲ್ಲಿ ತೆರೆದದ್ದು ಮುಂಬಯಿಯಲ್ಲಿ, ಮೈಕ್ರೊಸಾಫ್ಟ್ ಅಜ಼ೂರ್‌ನ ಮಧ್ಯ ಭಾರತ ಎಂಬ ಕೇಂದ್ರ ಇರುವುದು ಪುಣೆಯಲ್ಲಿ. ಪ್ರೋಗ್ರಾಂಗಳನ್ನು ಪೊಟ್ಟಣ ಕಟ್ಟಿ ಓಡಿಸುವ ಡಾಕರ್, ಅಂಥ ಪೊಟ್ಟಣಗಳ ಗುಂಪನ್ನು ನಿಭಾಯಿಸುವ ಕುಬರ್ನೆಟಿಸ್, ಟೆರಾಫಾರ್ಮ್, ಜೆಂಕಿನ್ಸ್ ಎಂಬ ಹೆಸರುಗಳು ಡೆವ್‌ಆಪ್ಸ್ ಹುದ್ದೆಯ ಪ್ರತಿ ಜಾಹೀರಾತಿನಲ್ಲಿಯೂ ಕಾಣುತ್ತವೆ. ಇವನ್ನು ಕಲಿಯುವ ಕ್ರಮವೂ ಮುಖ್ಯ. ಮೊದಲು ಲಿನಕ್ಸ್ ಮತ್ತು ನೆಟ್‌ವರ್ಕಿಂಗ್, ನಂತರ ಒಂದೇ ಒಂದು ಕ್ಲೌಡ್, ಅನಂತರ ಡಾಕರ್, ಕೊನೆಗೆ ಕುಬರ್ನೆಟಿಸ್. ತಲೆಕೆಳಗಾಗಿ ಕಲಿತವರಿಗೆ ಪಾಡ್ (ಕುಬರ್ನೆಟಿಸ್‌ನಲ್ಲಿ ಓಡುವ ಚಿಕ್ಕ ಘಟಕ) ಏಕೆ ಏಳುತ್ತಿಲ್ಲ ಎಂದು ಕೇಳಿದರೆ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಎಂಬ ಮಾತೇ ಹೊಳೆಯುವುದಿಲ್ಲ. ಪ್ರಮಾಣಪತ್ರ ಬೇಕೆನಿಸಿದರೆ ಕುಬರ್ನೆಟಿಸ್ ನಿರ್ವಹಣೆಯ ಸಿಕೆಎ ಪರೀಕ್ಷೆಗೆ ನನ್ನ ಮತ. ಅದರಲ್ಲಿ ಸರಿಯುತ್ತರ ಗುರುತಿಸುವ ಆಟವಿಲ್ಲ, ಎರಡು ಗಂಟೆ ನಿಜವಾದ ಕ್ಲಸ್ಟರಿನ ಮೇಲೆ ಕೈಯಾರೆ ಕೆಲಸ ಮಾಡಿ ತೋರಿಸಬೇಕು.

ಸೈಬರ್ ಭದ್ರತೆಯ ಬೇಡಿಕೆಯ ಹಿಂದೆ ಕಾನೂನಿನ ಒತ್ತಾಯವೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್ ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಆರು ಗಂಟೆಯೊಳಗೆ ವರದಿ ಮಾಡಬೇಕಾದರೆ ರಾತ್ರಿ ಎರಡಕ್ಕೂ ಯಾರಾದರೂ ಪರದೆಯ ಮುಂದೆ ಎಚ್ಚರವಿರಬೇಕು; ಭದ್ರತಾ ನಿಗಾ ಕೇಂದ್ರದ ಎಸ್‌ಒಸಿ ಅನಲಿಸ್ಟ್ ಹುದ್ದೆ ಪಾಳಿಯ ಕೆಲಸವಾಗಿರುವುದು ಹೀಗೆ. ಸಿನಿಮಾದ ಹ್ಯಾಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವವರಿಗೆ ಇದು ನಿರಾಸೆ ತರಬಹುದು, ಏಕೆಂದರೆ ಮೊದಲ ಎರಡು ವರ್ಷ ಸ್ಪ್ಲಂಕ್‌ನಂಥ ಸಾಧನದಲ್ಲಿ ಎಚ್ಚರಿಕೆಗಳನ್ನು ಸೋಸುವುದು, ಅನುಮಾನದ ಮೇಲ್‌ನ ಹೆಡರ್ ತೆರೆದು, ಕಳಿಸಿದ ವಿಳಾಸ ನಿಜವೇ ಎಂದು ತಿಳಿಸುವ ಎಸ್‌ಪಿಎಫ್, ಡಿಕಿಮ್ ಪರೀಕ್ಷೆಯಲ್ಲಿ ಅದು ಗೆದ್ದಿದೆಯೇ ಎಂದು ನೋಡುವುದು, ಹೀಗೆ ತಾಳ್ಮೆಯ ಕೆಲಸವೇ ಹೆಚ್ಚು.

ಡೇಟಾ ಅನಲಿಸ್ಟ್ ಆಗಲು ಎಕ್ಸೆಲ್, ಎಸ್‌ಕ್ಯೂಎಲ್, ಪವರ್ ಬಿಐ ಸಾಕು. ಡೇಟಾ ಇಂಜಿನಿಯರ್‌ಗೆ ಪೈಥಾನ್, ಸ್ಪಾರ್ಕ್, ಏರ್‌ಫ್ಲೋ ಬೇಕು. ಹುದ್ದೆಯ ಹೆಸರಿನ ಆಕರ್ಷಣೆಯಿಂದ ಎಲ್ಲರೂ ಡೇಟಾ ಸೈಂಟಿಸ್ಟ್ ಆಗಲು ಹೊರಡುತ್ತಾರೆ, ಆದರೆ ಸಂಖ್ಯಾಶಾಸ್ತ್ರದಲ್ಲಿ ಗಟ್ಟಿಯಿಲ್ಲದವರಿಗೆ ಇಂಜಿನಿಯರಿಂಗ್ ಕಡೆಯೇ ಕ್ಷೇಮ.

ಕೃತಕ ಬುದ್ಧಿಮತ್ತೆಯ ಬಗ್ಗೆ ಎರಡು ಬೇರೆ ಮಾತುಗಳನ್ನು ಹೇಳಬೇಕಾಗುತ್ತದೆ. ಮಾದರಿಗಳನ್ನೇ ಕಟ್ಟುವ ಹುದ್ದೆಗಳಿಗೆ ರೇಖೀಯ ಬೀಜಗಣಿತ, ಸಂಭವನೀಯತೆ, ಪೈಟಾರ್ಚ್ ಮತ್ತು ಸಾಮಾನ್ಯವಾಗಿ ಉನ್ನತ ಪದವಿ ಬೇಕು. ಅಂಥ ಹುದ್ದೆಗಳು ಕಡಿಮೆ. ಇರುವ ಮಾದರಿಯನ್ನು ಕಂಪನಿಯ ದಾಖಲೆಗಳಿಗೆ ಜೋಡಿಸಿ, ಅದು ಕೊಟ್ಟ ಉತ್ತರ ಸರಿಯೇ ಎಂದು ಅಳೆದು, ಖರ್ಚು ಹಿಡಿತದಲ್ಲಿಡುವ ಹುದ್ದೆಗಳಿಗೆ ಒಳ್ಳೆಯ ಬ್ಯಾಕೆಂಡ್ ಇಂಜಿನಿಯರೇ ತಕ್ಕವರು. ಇನ್ನು ಕೋಡ್ ಬರೆದುಕೊಡುವ ಸಾಧನಗಳು ಬಂದ ಮೇಲೆ ಹೊಸಬರಿಗೆ ಮೊದಲು ಸಿಗುತ್ತಿದ್ದ ಸಣ್ಣ ಪುಟ್ಟ ಕೋಡಿಂಗ್ ಕೆಲಸ ಆ ಸಾಧನಗಳ ಪಾಲಾಗುತ್ತಿದೆ. ಆದ್ದರಿಂದ ಇನ್ನೊಬ್ಬರು, ಅಥವಾ ಯಂತ್ರ, ಬರೆದ ಕೋಡನ್ನು ಓದಿ ಎಲ್ಲಿ ಮುರಿಯುತ್ತದೆ ಎಂದು ಹೇಳುವ ಸಾಮರ್ಥ್ಯವನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಬೆಳೆಸಿಕೊಳ್ಳಬೇಕು.

ಈ ಕಾರಣಕ್ಕೇ ಟೆಸ್ಟಿಂಗ್ ಸತ್ತಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೈಯಿಂದ ಗುಂಡಿ ಒತ್ತಿ ನೋಡುವ ಕೆಲಸ ಕುಗ್ಗಿದೆ, ನಿಜ. ಪರೀಕ್ಷೆಯನ್ನು ತಾನಾಗಿ ನಡೆಸುವ ಸೆಲೆನಿಯಂ, ಪ್ಲೇರೈಟ್, ತಂತ್ರಾಂಶಗಳ ನಡುವಿನ ಕೊಂಡಿಯಾದ ಎಪಿಐಯ ಪರೀಕ್ಷೆ ಬಲ್ಲವರಿಗೆ ಕೆಲಸವಿದೆ. ಬ್ಯಾಂಕಿನ ಆಪ್‌ಗಳು ಕನ್ನಡದಲ್ಲಿಯೂ ಬರುತ್ತಿರುವುದರಿಂದ ನಮ್ಮವರಿಗೆ ಒಂದು ಸಣ್ಣ ಅನುಕೂಲವೂ ಇದೆ: ಒತ್ತಕ್ಷರ ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗಿರುವುದನ್ನು, ಅರ್ಕಾವತ್ತು ತಪ್ಪು ಅಕ್ಷರಕ್ಕೆ ಅಂಟಿರುವುದನ್ನು ಕನ್ನಡ ಓದುವವರು ಮಾತ್ರ ಹಿಡಿಯಬಲ್ಲರು.

ಎಲ್ಲಿ ಕಲಿಯುವುದು, ಎಲ್ಲಿ ಎಚ್ಚರವಿರುವುದು

1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ತಯಾರಿಸಿದ ಸಿಡ್ಯಾಕ್ ಪುಣೆಯದೇ ಸಂಸ್ಥೆ. ಅದು ನಡೆಸುವ ಪಿಜಿ ಡ್ಯಾಕ್ ಎಂಬ ಆರು ತಿಂಗಳ ಸಾಫ್ಟ್‌ವೇರ್ ಕೋರ್ಸಿಗೆ ಸಿಕ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ವರ್ಷಕ್ಕೆ ಎರಡು ತಂಡ ಇರುತ್ತವೆ. ಎಂಬೆಡೆಡ್ (ಯಂತ್ರದೊಳಗಿನ ಸಾಫ್ಟ್‌ವೇರ್) ಕಡೆ ಹೋಗುವವರಿಗೆ ಬೇರೆಯೇ ಕೋರ್ಸ್ ಇದೆ. ಅಷ್ಟು ಶುಲ್ಕ ಕೈಗೆಟುಕದಿದ್ದರೆ ಸ್ವಯಂ ಮತ್ತು ಎನ್‌ಪಿಟಿಇಎಲ್ ಎಂಬ ಸರ್ಕಾರಿ ಜಾಲತಾಣಗಳ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಖಾಸಗಿ ಕ್ಲಾಸಿಗೆ ಸೇರುವುದೇ ಆದರೆ ನೂರಕ್ಕೆ ನೂರು ಕೆಲಸದ ಖಾತರಿ ಎಂಬ ಫಲಕವನ್ನು ನಂಬದೆ, ಕಳೆದ ತಂಡದಲ್ಲಿ ಓದಿದ ಇಬ್ಬರೊಡನೆ ಮಾತನಾಡಿ ನಿರ್ಧರಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರುವುದುಂಟು. ಕಚೇರಿಯಲ್ಲಿ ಬೇಕಾಗುವುದು ನಿರರ್ಗಳ ಭಾಷಣವಲ್ಲ. ಏನಾಯಿತು, ಯಾವಾಗ, ನಾನು ಏನು ನೋಡಿದೆ, ಮುಂದೆ ಏನು ಮಾಡುತ್ತೇನೆ ಎಂದು ನಾಲ್ಕು ಸಾಲಿನಲ್ಲಿ ಟಿಕೆಟ್ ಬರೆಯುವ ಇಂಗ್ಲಿಷ್. ದಿನವೂ ಕಲಿತದ್ದನ್ನು ಹೀಗೆ ನಾಲ್ಕು ಸಾಲಿನಲ್ಲಿ ಬರೆದಿಡುತ್ತಾ ಬಂದರೆ ಸಂದರ್ಶನದ ಹೊತ್ತಿಗೆ ಬಾಯಿಯೂ ತಿರುಗುತ್ತದೆ. ಊಟದ ಮೇಜಿನ ಮರಾಠಿ, ಹಿಂದಿ ತಾನಾಗಿ ಬರುತ್ತದೆ.

ಬಯೋಡೇಟಾದಲ್ಲಿ ಸುಳ್ಳು ಅನುಭವ ತೋರಿಸಿ ಹಿಂಬಾಗಿಲಿನಿಂದ ಸೇರಿಸುತ್ತೇವೆ ಎನ್ನುವ ಏಜೆಂಟರು ಎರಡೂ ಊರುಗಳಲ್ಲಿದ್ದಾರೆ. ಅವರಿಗೆ ಹಣ ಕೊಡುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ: ಹಿನ್ನೆಲೆ ಪರಿಶೀಲನೆಯಲ್ಲಿ ಭವಿಷ್ಯನಿಧಿಯ ಯುಎಎನ್ (ಸದಸ್ಯರ ಗುರುತಿನ ಸಂಖ್ಯೆ) ದಾಖಲೆ ನೋಡಿದರೆ, ಯಾವ ಕಂಪನಿ ಯಾವ ತಿಂಗಳಿಂದ ಹಣ ಕಟ್ಟಿದೆ ಎಂಬುದು ಅಲ್ಲಿಯೇ ಕಾಣುತ್ತದೆ. ಸೇರಿದ ಆರು ತಿಂಗಳ ನಂತರ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ನೋಂದಣಿ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಎಂಬ ಯಾವ ಹೆಸರಿನಲ್ಲಿ ಹಣ ಕೇಳಿದರೂ ಅಲ್ಲಿಂದ ಎದ್ದು ಬರುವುದೇ ಸರಿ.

ಆಫರ್ ಪತ್ರ ಬಂದಾಗ ಸಂಬಳದ ಸಾಲನ್ನು ಮಾತ್ರ ಓದಿ ಸಹಿ ಹಾಕಬಾರದು. ವಾರ್ಷಿಕ ಮೊತ್ತದಲ್ಲಿ ಕೈಗೆ ಬರದ ಗ್ರಾಚುಟಿ, ಖಚಿತವಿಲ್ಲದ ಬೋನಸ್ ಎಷ್ಟು, ಬಾಂಡ್ ಇದೆಯೇ, ಇದ್ದರೆ ಮುರಿದಾಗ ಎಷ್ಟು ಕಟ್ಟಬೇಕು, ರಾತ್ರಿ ಪಾಳಿಯಲ್ಲಿ ಮನೆಯವರೆಗೆ ಕ್ಯಾಬ್ ಸಿಗುತ್ತದೆಯೇ, ನೋಟಿಸ್ ಅವಧಿ 30 ದಿನವೇ 90 ದಿನವೇ ಎಂದು ಎಚ್‌ಆರ್ ಅವರನ್ನು ಮೇಲ್ ಮೂಲಕ ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಬೇಕು. ಮುಂದೆ ಕೆಲಸ ಬದಲಿಸುವಾಗ 90 ದಿನ ಕಾಯಲು ಒಪ್ಪದ ಕಂಪನಿಗಳು ಬಹಳ ಇರುವುದರಿಂದ, ಈ ಕೊನೆಯ ಪ್ರಶ್ನೆಯನ್ನು ಮೊದಲ ಕೆಲಸದಲ್ಲಿಯೇ ಕೇಳಿಟ್ಟುಕೊಳ್ಳಬೇಕು.